ತೊಂಬತ್ತು ನಂಬರಿನ ಎಣ್ಣೆ

ಸ್ಕೂಲು ಶುರುವಾಗಿ ಮೂರನೇ ದಿನಕ್ಕೆ ವ್ಯಾನು ನರಳತೊಡಗಿತು.

ನರಳುತ್ತದೆ ಅಂದವಳು ವ್ಯಾನು ಓಡಿಸುವ ಪುಟ್ಟರಾಜುವಿನ ಎಂಟು ವರ್ಷದ ಮಗಳು ಸ್ಪಂದನಾ. ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಕುಸುಮ ಮುದ್ದೆ ತಿರುವುತ್ತಿದ್ದಳು. ಅಮ್ಮ ಕವಿತ ಮದ್ದೂರಿನ ಗಾರ್ಮೆಂಟ್ಸಿನಿಂದ ಆಗಷ್ಟೇ ಬಂದು ಗೋಡೆಗೊರಗಿ ಕಾಲು ಚಾಚಿದ್ದಳು.

"ಅಜ್ಜಿ, ನಮ್ ವ್ಯಾನು ತಾತನ್ ತರ ನರಳ್ತದೆ ಕಣಜ್ಜಿ. ಜೋರಾಗ್ ಓದ್ರೆ ಊಂ ಅಂತದೆ. ನಿಲ್ಸುದ್ರೆ ಸುಮ್ಕಾಯ್ತದೆ."

ಕುಸುಮಳ ಕೈಯಲ್ಲಿದ್ದ ಮುದ್ದೆಕೋಲು ನಿಂತಿತು.

"ಏನ್ ಮಾತೇ ಅದು? ಸತ್ತೋರ್ನ ಯಾಕೆ ಮದ್ಯಕ್ಕೆ ತತ್ತೀಯ?" ಎಂದು ಕವಿತ ಮಗಳ ತೊಡೆಗೆ ಒಂದು ಬಿಟ್ಟಳು.

"ಮಗೀಗ್ ಯಾಕ್ ಒಡೀತೀಯ?" ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಪುಟ್ಟರಾಜು ಅಂದ. "ಅದು ಏಳಿದ್ದು ದಿಟ. ಹಿಂದ್ಗಡೆ ಹೌಸಿಂಗಲ್ಲಿ ಸದ್ದು ಬತ್ತಾ ಅದೆ. ನಾಳೆ ಗ್ಯಾರೇಜ್ ಒವೈಸ್ ತಾವ ಬಿಚ್ಚುಸ್ ನೋಡ್ತೀನಿ."

"ಏನೂ ಬಿಚ್ಚುಸ್ಬ್ಯಾಡ" ಎಂದಳು ಕುಸುಮ. ಅಂದ ಜೋರಿಗೆ ಮೂವರೂ ಅವಳ ಕಡೆ ತಿರುಗಿದರು.

ವ್ಯಾನಿನ ಹಿಂದಿನ ಎರಡು ಚಕ್ರಗಳ ನಡುವೆ, ಹೊಟ್ಟೆಯ ಕೆಳಗೆ, ಒಂದು ಕಬ್ಬಿಣದ ಬುರುಡೆ ಇರುತ್ತದೆ. ಪುಸ್ತಕದಲ್ಲಿ ಡಿಫರೆನ್ಷಿಯಲ್ ಎಂದು ಬರೆಯುತ್ತಾರೆ, ಗ್ಯಾರೇಜಿನಲ್ಲಿ ಹೌಸಿಂಗ್ ಅನ್ನುತ್ತಾರೆ. ಇಂಜಿನ್ನಿನ ಬಲವನ್ನು ಎರಡು ಚಕ್ರಕ್ಕೂ ಹಂಚುವ ಹಲ್ಲುಚಕ್ರಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡು ತಿರುಗುತ್ತವೆ. ಇಂಜಿನ್ನಿಗೆ ತೆಳ್ಳನೆಯ ಎಣ್ಣೆ, ಇದಕ್ಕೆ ಮಂದನೆಯ ತೊಂಬತ್ತು ನಂಬರಿನದು. ಇಂಜಿನ್ನಿನದನ್ನು ಎಲ್ಲರೂ ನೆನಪಿಟ್ಟು ಬದಲಾಯಿಸುತ್ತಾರೆ. ಹಿಂದಿನದನ್ನು ಮರೆಯುತ್ತಾರೆ. ಎಳೆದು ನೋಡಲು ಅದಕ್ಕೆ ಕಡ್ಡಿಯಿಲ್ಲ, ಹೊತ್ತಿಕೊಳ್ಳಲು ಕೆಂಪು ದೀಪವಿಲ್ಲ. ಕೆಟ್ಟಾಗ ಮಾತ್ರ ಕೂಗುತ್ತದೆ.

ಪುಟ್ಟರಾಜುವಿನ ಅಪ್ಪ ಶಿವಯ್ಯ ಮರೆಯುತ್ತಿರಲಿಲ್ಲ. ಬ್ಲಫ್ ಎಂಬ ಊರಿನ ಪವರ್‌ಹೌಸ್ ನೌಕರರ ಮಕ್ಕಳನ್ನು ಹತ್ತಿಸಿಕೊಂಡು, ಬೆಳಕವಾಡಿಯ ತನ್ನ ಮನೆ ಮುಂದೆಯೇ ಹಾದು, ಮಳವಳ್ಳಿಯ ಸ್ಕೂಲಿಗೆ ಬಿಡುವ ಕೆಲಸ ಹದಿಮೂರು ವರ್ಷ ಮಾಡಿದ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಎರಡೂ ಎಣ್ಣೆ ಬದಲಾಗಲೇಬೇಕು. "ಹೊಟ್ಟೆ ಒಳ್ಗೆ ಕೊಳಕಿಟ್ಕಂಡು ಹೂವ ಮುಡುಸುದ್ರೆ ಗಾಡಿ ಉಗೀತದೆ" ಅನ್ನುತ್ತಿದ್ದ.

ಹೋದ ವರ್ಷ ಹಬ್ಬಕ್ಕೆ ಐದು ದಿನ ಇರುವಾಗ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು ಹೋದವು. ನಡುಮನೆಯ ಕಿಟಕಿ ಪಕ್ಕ ಮಂಚ ಹಾಕಿದರು. ವ್ಯಾನು ಪುಟ್ಟರಾಜುವಿನ ಕೈಗೆ ಬಂತು, ಇಂಜಿನ್ ಎಣ್ಣೆಯನ್ನು ಅವನು ಅಂಗಳದಲ್ಲೇ ಬದಲಾಯಿಸಿದ. ಹಿಂದಿನದನ್ನು ಶಿವಯ್ಯ ಹೆಂಡತಿಗೆ ಒಪ್ಪಿಸಿದ. ಮಗ ಬೆಳಗಿನ ಟ್ರಿಪ್ ಮುಗಿಸಿ ವ್ಯಾನು ನಿಲ್ಲಿಸಿ ಆಲೆಮನೆಗೆ ಹೋಗುತ್ತಾನೆ, ಆಗ ಮಳವಳ್ಳಿಯ ಮೆಕ್ಯಾನಿಕ್ ವಹಾಬನಿಗೆ ಫೋನು ಮಾಡಿ ಕರೆಸಿ, ಮುಂದೆ ನಿಂತು ಹಾಕಿಸು ಎಂದ. ಕುಸುಮ ಹೂಂ ಅಂದಳು. ಮರೆತಳು. ಹೊರಳಿಸುವುದು, ಒರೆಸುವುದು, ಗಂಜಿ ಕುಡಿಸುವುದು, ಉಚ್ಚೆಯ ಬಟ್ಟೆ ಒಗೆಯುವುದು, ಇದರ ನಡುವೆ ವ್ಯಾನಿನ ಎಣ್ಣೆ ಯಾರಿಗೆ ಬೇಕಿತ್ತು?

ಅವನು ದಿನಾ ಕೇಳುತ್ತಿದ್ದ. ಒಂದು ದಿನ ಅವಳಿಗೆ ರೇಗಿತು. "ಆಕ್ಸಿದ್ದೀನಿ ಕಣ್ ಸುಮ್ಕಿರು. ನೀನ್ ಮಾತ್ರೆ ನುಂಗಿ ಮನಗಿದ್ದಾಗ ವಹಾಬಣ್ಣ ಬಂದು ಆಕ್ಬುಟ್ ಓದ್ರು" ಎಂದಳು. ಶಿವಯ್ಯ ನಂಬಲಿಲ್ಲ. ಎಡಗೈಯಲ್ಲಿ ಸ್ಪಂದನಾಳನ್ನು ತೋರಿಸಿದ. ಕುಸುಮ ಮೊಮ್ಮಗಳ ತಲೆ ಮೇಲೆ ಕೈಯಿಟ್ಟು "ಈ ಮಗಿನಾಣೆ" ಅಂದಳು.

ಒಂದೇ ಸಲವಾಗಿದ್ದರೆ ಮರೆಯುತ್ತಿದ್ದಳೇನೋ. ಹದಿನೈದು ದಿನ ಬಿಟ್ಟು, ಅವಳು ಮಳವಳ್ಳಿಗೆ ಹೋಗಿ ಮಾತ್ರೆ ತಂದ ಒಂದು ಮಂಗಳವಾರ ಸಂಜೆ, ಶಿವಯ್ಯ ಮತ್ತೆ ಕೇಳಿದ. ಮತ್ತೆ ಮಗುವನ್ನು ಕರೆಸಿದ. ಮತ್ತೆ ತಲೆ ಮೇಲೆ ಕೈ ಇಡಿಸಿದ. ಆಣೆ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡ. ಆಮೇಲೆ ಎಣ್ಣೆಯ ಮಾತು ಎತ್ತಲಿಲ್ಲ. ಆ ಭಾನುವಾರ ತೀರಿಕೊಂಡ.

ಸುಳ್ಳು ಹೇಳಿದವರಿಗೆ ನಿದ್ದೆ ಬರುವುದಿಲ್ಲ ಎನ್ನುವುದು ಬರೀ ಮಾತು. ಕುಸುಮಳಿಗೆ ನಿದ್ದೆ ಬರುತ್ತಿತ್ತು. ಅವಳಿಗೆ ಕಷ್ಟವಾಗುತ್ತಿದ್ದದ್ದು ಬೆಳಗಿನ ಹೊತ್ತು. ಬೇಸಗೆ ರಜೆಯಲ್ಲಿ ವ್ಯಾನು ಎರಡು ತಿಂಗಳು ಹೊಂಗೆ ಮರದ ಪಕ್ಕ ಬಿಸಿಲಲ್ಲಿ ನಿಂತಿತ್ತು. ಕಸ ಗುಡಿಸಲು ಬಗ್ಗಿದಾಗ, ಹಿಂದಿನ ಬುರುಡೆಯ ಕೆಳಗೆ ಸರಿಯಾಗಿ, ನೆಲದ ಮೇಲೆ ಅಂಗೈಯಗಲ ಕಪ್ಪು ಕಲೆ ಕಂಡಿತು. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದಳು. ಮೂರು ದಿನಕ್ಕೆ ಮತ್ತೆ ಬಂತು. ಮತ್ತೆ ಉಜ್ಜಿದಳು. ಸ್ಕೂಲು ಶುರುವಾದ ಮೇಲೆ ವ್ಯಾನು ಹೊರಟ ಕೂಡಲೇ ಉಜ್ಜುವುದೇ ಅವಳ ಮೊದಲ ಕೆಲಸವಾಯಿತು. ಕಲೆ ಕಂಡರೆ ಬಿಚ್ಚಿಸುತ್ತಾರೆ ಎಂದು ಯಾರಿಗೂ ಹೇಳಲಿಲ್ಲ.

ಹೇಳುವ ಒಂದು ದಾರಿ ಮೇ ತಿಂಗಳಲ್ಲಿ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ವಹಾಬ್ ಹಜ್ ಯಾತ್ರೆಗೆ ಹೊರಟಿದ್ದ. ಹೊರಡುವ ಮುಂಚೆ ಗೊತ್ತಿದ್ದವರ ಮನೆಗೆಲ್ಲ ಹೋಗಿ, ಆಡಿದ್ದು ಮಾಡಿದ್ದು ಮಾಫ್ ಮಾಡಿ ಎಂದು ಕೇಳಿಕೊಂಡು ಬರುವುದು ಅವರ ಪದ್ಧತಿ. ಕುಸುಮಳ ಬಾಗಿಲಲ್ಲೂ ಬಂದು ಕೈಮುಗಿದು ನಿಂತ.

"ಅಕ್ಕಾ, ಶಿವಯ್ಯಣ್ಣನ್ ವಿಷ್ಯ ಒಂದು ನನ್ ಹೊಟ್ಟೇಲಿ ಉಳ್ಕೊಂಡೈತೆ. ಆ ವ್ಯಾನಿನ್ ಎಣ್ಣೆ..."

ಕುಸುಮ ತಿರುಗಿ ಮನೆಯೊಳಗೆ ನೋಡಿದಳು. ನನಗೆ ಯಾರೂ ಫೋನೇ ಮಾಡಲಿಲ್ಲವಲ್ಲ ಎಂದು ಈಗ ಕೇಳುತ್ತಾನೆ, ಒಳಗೆ ಪುಟ್ಟರಾಜು ಕೂತಿದ್ದಾನೆ.

"ಎಲ್ಲಾ ಮಾಫು ವಹಾಬಣ್ಣ. ಏನೂ ಏಳ್ಬ್ಯಾಡಿ. ಓಗ್ಬುಟ್ ಬನ್ನಿ, ಒಳ್ಳೇದಾಗ್ಲಿ" ಎಂದು ಒಂದೇ ಉಸಿರಿನಲ್ಲಿ ಅಂದು ಬಾಗಿಲು ಹಾಕಿಕೊಂಡಳು. ಕಿಂಡಿಯಿಂದ ನೋಡಿದರೆ ಅವನು ಇನ್ನೂ ಅಲ್ಲೇ ನಿಂತಿದ್ದ.

ಈಗ ಗ್ಯಾರೇಜು ನೋಡಿಕೊಳ್ಳುತ್ತಿದ್ದವನು ಅವನ ಮಗ ಒವೈಸ್. ಪುಟ್ಟರಾಜು ಅವ್ವನ ಮಾತು ಕೇಳದೆ ಮಾರನೇ ದಿನ ಅಲ್ಲಿಗೆ ಹೋದ. ಒವೈಸ್ ಒಂದು ಸುತ್ತು ಓಡಿಸಿಕೊಂಡು ಬಂದ.

"ಎಣ್ಣೆ ಯಾವಾಗ ಹಾಕ್ಸಿದ್ದು ಪುಟ್ಟಣ್ಣ?"

"ಹೋದ್ ವರ್ಸ ನಮ್ಮವ್ವ ನಿಂತ್ಕಂಡ್ ಆಕ್ಸವ್ಳೆ. ನಿಮ್ಮಪ್ಪಾನೇ ಆಕಿದ್ದಂತೆ."

"ಹಂಗಿದ್ರೆ ಇಷ್ಟು ಬೇಗ ಕೂಗ್ಬಾರ್ದು. ಬಿಚ್ಚಿ ನೋಡ್ಬೇಕು."

"ಇಂಜಿನ್ ಎಣ್ಣೆ ಒಂದ್ ಅರ್ದ ಕ್ಯಾನ್ ಮಿಕ್ಕದೆ. ಅದ್ನೇ ಒಸಿ ಸುರುದ್ಬುಟ್ರೆ?"

ಒವೈಸ್ ಜೋರಾಗಿ ನಕ್ಕ. "ಪಾಯ್ಸಕ್ಕೆ ಸಾರು ಸುರೀತೀರಾ? ಅದು ತೆಳ್ಳಗೆ. ಇಲ್ಲಿ ಹಲ್ಲು ಹಲ್ಲು ಒತ್ತುತಾವೆ, ಮಧ್ಯ ನಿಲ್ಲಲ್ಲ, ಹಿಂಡ್ಕೊಂಡು ಹೋಗ್ಬಿಡ್ತದೆ. ತೊಂಬತ್ತು ನಂಬರ್‌ದೇ ಬೇಕು. ಹುಡುಗಾಟ ಅಲ್ಲ ಅಣ್ಣ, ಓಡೋವಾಗ ಹಿಂದಿನ್ ಚಕ್ರ ಹಿಡ್ಕೊಂಡ್ರೆ ಗಾಡಿ ತಿರುಗ್ಬಿಡ್ತದೆ. ಪಕ್ದಲ್ಲೇ ನಾಲೆ."

ಪುಟ್ಟರಾಜು ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದ. ಕುಸುಮ ಉಪ್ಸಾರು ಬಡಿಸುತ್ತಿದ್ದವಳು ಸೌಟು ಇಟ್ಟಳು.

"ನಿಮ್ಮಪ್ಪ ಬದುಕಿದ್ದಾಗ ಆಕ್ಸಿದ್ ಎಣ್ಣೆ ಅದು. ಅವ್ರ್ ವರ್ಸದ್ ಕಾರ್ಯ ಆಗೋಗಂಟ ಯಾರೂ ಮುಟ್ಕೂಡ್ದು."

"ಕಾರ್ತೀಕ ಬರಕ್ಕೆ ಇನ್ನೂ ಐದ್ ತಿಂಗ್ಳದೆ ಕಣವ್ವ! ಅಪ್ಪನ್ ಪಂಚೆ ಇಟ್ಕೊ, ಕನ್ನಡ್ಕ ಇಟ್ಕೊ. ಎಣ್ಣೆ ಯಾರವ್ವ ಇಟ್ಕತಾರೆ?"

"ಬಿಚ್ಚುದ್ರೆ ಈ ಮನೇಲಿ ನಾನ್ ಅನ್ನ ಮುಟ್ಟಲ್ಲ."

ಮಾತಿಗೆ ಅಂದದ್ದಲ್ಲ. ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಮೂರನೇ ದಿನ ಬಚ್ಚಲಲ್ಲಿ ತಲೆ ಸುತ್ತಿ ಕೂತಳು. ಪುಟ್ಟರಾಜು ಹೆದರಿದ. "ಆಯ್ತು ಬುಡು, ಬಿಚ್ಚಲ್ಲ. ಉಣ್ಣು" ಎಂದ. ನಲವತ್ತು ದಾಟದೆ ಓಡಿಸುತ್ತೇನೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ. ವ್ಯಾನು ನಿಲ್ಲಿಸಿದರೆ ಮಕ್ಕಳನ್ನು ಬೇರೆ ವ್ಯಾನಿನವರು ಎಳೆದುಕೊಳ್ಳುತ್ತಾರೆ ಎನ್ನುವುದೂ ಅವನ ತಲೆಯಲ್ಲಿತ್ತು. ತಪ್ಪು ಅವಳದೊಂದೇ ಅಲ್ಲ.

ಮಾರನೇ ಬೆಳಗ್ಗೆ ಕುಸುಮ ಸ್ಪಂದನಾಳ ಬ್ಯಾಗು ತನ್ನ ಹೆಗಲಿಗೆ ಹಾಕಿಕೊಂಡಳು.

"ನಾನೇ ಬಸ್ಸಲ್ಲಿ ಕರ್ಕಂಡ್ ಓಯ್ತೀನಿ. ವ್ಯಾನಲ್ಲಿ ಇಕ್ಕಟ್ಟು. ಎಂಗಿದ್ರೂ ಹೆಂಗುಸ್ರಿಗೆ ಚಾರ್ಜಿಲ್ಲ."

ಮೂರು ವಾರ ಹಾಗೆಯೇ ನಡೆಯಿತು. ಬಸ್ಸಿಗೆ ಕಾಯುತ್ತಾ ನಿಂತಾಗ ವ್ಯಾನು ಅವರ ಮುಂದೆಯೇ ಹಾದುಹೋಗುತ್ತಿತ್ತು. ಹನ್ನೊಂದು ಮಕ್ಕಳು ಕಿಟಕಿಯಲ್ಲಿ ಕೈಬೀಸುತ್ತಿದ್ದವು. ಹಿಂದೆ ಊಂ ಎನ್ನುವ ಸದ್ದು ಒಂದು ಗಳಿಗೆ ರಸ್ತೆ ಮೇಲೆ ಉಳಿಯುತ್ತಿತ್ತು. ಲಕ್ವ ಹೊಡೆದ ಮೇಲೆ ಶಿವಯ್ಯ ನೀರು ಬೇಕಾದಾಗ ಹೀಗೇ ಸದ್ದು ಮಾಡುತ್ತಿದ್ದ. ಕುಸುಮ ಮೊಮ್ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದರೆ ಮಗು "ನೋಯ್ತದೆ ಬುಡಜ್ಜಿ" ಅನ್ನುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆಯುವಾಗ, ವ್ಯಾನು ಅಂಗಳದಲ್ಲಿ ಸುಮ್ಮನೆ ನಿಂತಿರುವಾಗಲೂ, ಅವಳು ನಲ್ಲಿ ನಿಲ್ಲಿಸಿ ಕಿಟಕಿ ಕಡೆ ನೋಡುತ್ತಿದ್ದಳು. ಎರಡು ರಾತ್ರಿ ನೀರು ತುಂಬಿದ ಲೋಟ ಹಿಡಿದು ಖಾಲಿ ಮಂಚದ ತನಕ ಹೋಗಿದ್ದನ್ನು ಕವಿತ ನೋಡಿದಳು.

ಕವಿತ ಬಾಯಿ ಬಿಗಿದುಕೊಂಡಿರುವ ಹೆಂಗಸಲ್ಲ. ಭಾನುವಾರ ಕೋಳಿಸಾರು ಮಾಡಿದ್ದಳು. ಎಲ್ಲರೂ ಕೂತ ಮೇಲೆ ಶುರುಮಾಡಿದಳು.

"ಅತ್ತೆ, ಊರೋರೆಲ್ಲ ಕೇಳ್ತಾವ್ರೆ. ಅಪ್ಪನ್ ವ್ಯಾನು ಇಟ್ಕಂಡು ಮಗ್ಳು ಯಾಕ್ ಬಸ್ಸಲ್ಲಿ ಓಯ್ತಾಳೆ ಅಂತ."

"ಇಕ್ಕಟ್ಟು ಅಂತ ಏಳಿಲ್ವಾ ಕಣಮ್ಮಿ?"

"ಹೋದ್ ವರ್ಸ ಇಕ್ಕಟ್ಟಿರ್ನಿಲ್ವಾ? ಹೋದ್ ವರ್ಸ ಹದ್ಮೂರ್ ಮಕ್ಳಿದ್ವು."

"ಈಗ್ ಉಣ್ಣು. ಆಮ್ಯಾಕ್ ಮಾತಾಡವ."

"ಈಗ್ಲೇ ಆಗ್ಲಿ. ವ್ಯಾನ್ಗೆ ಏನೂ ಆಗಿಲ್ಲ, ಬಿಚ್ಬ್ಯಾಡ ಅಂತೀರ. ನಿಮ್ ಮೊಮ್ಮಗ್ಳು ಮಾತ್ರ ಅದ್ರಲ್ ಅತ್ಕೂಡ್ದು ಅಂತೀರ. ಬ್ಯಾರೇರ್ ಮಕ್ಳು ಹನ್ನೊಂದ್ ಜನ ಅತ್ಬೌದಾ? ಅವು ಮಕ್ಳಲ್ವಾ ಅತ್ತೆ? ಅವ್ರವ್ವದೀರು ದಿನಾ ಜಡೆ ಹಾಕಿ ಕಳುಸ್ತಾರಲ್ಲ, ಅವ್ರಿಗ್ ಏನಂತ ಏಳ್ತೀರ?"

ಕುಸುಮ ಮುದ್ದೆ ಮುರಿಯುತ್ತಿದ್ದ ಕೈ ಹಾಗೇ ಇಟ್ಟುಕೊಂಡಳು. ತಟ್ಟೆ ಪಕ್ಕಕ್ಕೆ ಸರಿಸಿದಳು.

"ಎಣ್ಣೆ ಆಕ್ಸಿಲ್ಲ" ಎಂದಳು.

"ಏನು?" ಎಂದ ಪುಟ್ಟರಾಜು.

"ಆಕ್ಸೇ ಇಲ್ಲ ಕಣ್ಲಾ. ವಹಾಬಣ್ಣನ್ನ ನಾನ್ ಕರೀನೇ ಇಲ್ಲ. ನಿಮ್ಮಪ್ಪಂಗೆ ಸುಳ್ಳೇಳ್ದೆ. ಈ ಮಗಿನ್ ತಲೆ ಮುಟ್ಟಿ ಎಲ್ಡ್ ಸಲ ಆಣೆ ಇಕ್ದೆ. ಬಿಚ್ಚುದ್ರೆ ಗೊತ್ತಾಯ್ತದಲ್ಲ ಅಂತ..."

ಪುಟ್ಟರಾಜು ತಟ್ಟೆಯನ್ನು ಗೋಡೆಗೆ ನೂಕಿದ. ಸಾರು ನೆಲದ ಮೇಲೆ ಹರಿಯಿತು. "ಸಾಯೋ ಮನುಸ್ನಿಗೆ? ನನ್ ಮಗ್ಳ್ ತಲೆ ಮ್ಯಾಲೆ? ನೀನ್ ಎಂತ ಎಂಗ್ಸವ್ವ?"

ಅವನ ಎದುರು ನಿಂತವಳು ಕವಿತ. "ನೀವ್ ಸುಮ್ಕಿರಿ. ವ್ಯಾನ್ ಓಡ್ಸೋರು ಯಾರು? ನೀವು. ಆಕ್ಸ್ಬೇಕಾದೋರ್ ಯಾರು? ನೀವು. ಅತ್ತೆ ಮಾವನ್ ಉಚ್ಚೆ ಬಟ್ಟೆ ಒಗೀವಾಗ ನೀವೆಲ್ಲಿದ್ರಿ? ಆಲೆಮನೇಲಿ ಬೆಲ್ಲ ನೆಕ್ತಿದ್ರಿ."

"ನೀನೇ ಅಲ್ವೇನೇ ಈಗ ಕೆಣಕಿದ್ದು?"

"ಕೆಣಕ್ದೋಳೂ ನಾನೇ, ಈಗ್ ಏಳ್ತಿರೋಳೂ ನಾನೇ. ನಾಳೆ ಟ್ರಿಪ್ ಬಂದ್. ಬಿಚ್ಚುಸ್ಕಂಡ್ ಬನ್ನಿ" ಎಂದು ಚೆಲ್ಲಿದ ಸಾರನ್ನು ಬಟ್ಟೆಯಲ್ಲಿ ಒರೆಸತೊಡಗಿದಳು. ಸ್ಪಂದನಾ ಎರಡೂ ಕೈಯಿಂದ ತನ್ನ ತಲೆ ಮುಟ್ಟಿಕೊಂಡು ಕೂತಿದ್ದಳು.

ಸೋಮವಾರ ಬೆಳಗ್ಗೆ ಬ್ಲಫಿನಿಂದ ಫೋನಿನ ಮೇಲೆ ಫೋನು. ಬೈದವರ ಹತ್ತಿರ ಬೈಸಿಕೊಂಡು ಪುಟ್ಟರಾಜು ಗಾಡಿ ತೆಗೆದ. ಪಕ್ಕದ ಮನೆಯವಳ ಜೊತೆ ಮೊಮ್ಮಗಳನ್ನು ಬಸ್ಸಿಗೆ ಕಳಿಸಿ ಕುಸುಮ ಬಂದು ವ್ಯಾನಿನ ಕಟ್ಟಕಡೆಯ ಸೀಟಿನಲ್ಲಿ, ಸದ್ದಿನ ಮೇಲೇ, ಕೂತಳು.

"ಮುಂದಕ್ ಬಾ" ಎಂದ ಮಗ.

"ಏನಾರ ಆಗಾದಿದ್ರೆ ನಂಗೇ ಆಗ್ಲಿ. ನೀನ್ ನಡಿ."

ಇಪ್ಪತ್ತರಲ್ಲಿ ಹೋದರು. ಸದ್ದು ಕಾಲಿನಿಂದ ಹತ್ತಿ ಅವಳ ಹಲ್ಲಿನ ತನಕ ಬರುತ್ತಿತ್ತು.

ಗ್ಯಾರೇಜಿನಲ್ಲಿ ವಹಾಬ್ ಇದ್ದ. ಹಜ್‌ನಿಂದ ಬಂದು ಎರಡು ದಿನವಾಗಿತ್ತು. ಬೋಳಿಸಿದ ತಲೆ, ಬಿಳಿ ಜುಬ್ಬಾ, ಸುತ್ತ ಬಂದು ಹೋಗುವ ಜನ. ಕುಸುಮಳನ್ನು ಕಂಡು ಎದ್ದು ಬೆಂಚು ಒರೆಸಿದ. ಅವಳ ಅಂಗೈಯಲ್ಲಿ ನಾಲ್ಕು ಖರ್ಜೂರ ಇಟ್ಟ.

"ನಾ ಯಾಕ್ ಬಂದೆ ಅಂದ್ರೆ ವಹಾಬಣ್ಣ..." ಎಂದು ಕುಸುಮ ಶುರುಮಾಡಿದಳು. ಅಷ್ಟರಲ್ಲಿ ಒವೈಸ್ ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡು ಕೊಟ್ಟು, ವ್ಯಾನಿನಡಿಗೆ ನುಸುಳಿದ್ದ.

"ತುಂಬ್ಸೋ ಬೋಲ್ಟು ಮೊದ್ಲು ಬಿಚ್ಚು. ಆಮೇಲೆ ಇಳ್ಸೋದು" ಎಂದ ವಹಾಬ್. "ಮೇಲಿಂದು ಹಿಡ್ಕೊಂಡಿದ್ರೆ, ಇಳ್ಸ್ಬಿಟ್ಟು ಏನ್ ಮಾಡ್ತೀಯ? ಶಿವಯ್ಯಣ್ಣ ದಿನಾ ಹೇಳೋರು."

"ಗೊತ್ತು ಅಬ್ಬಾ." ಒವೈಸ್ ಸೀಮೆಎಣ್ಣೆ ಬಟ್ಟೆಯಲ್ಲಿ ಒಣಗಿದ ಕೆಸರು ಒರೆಸುವ ಸದ್ದು. ಆಮೇಲೆ ಸದ್ದು ನಿಂತಿತು. "ಅಬ್ಬಾ, ಇದು ನಿಮ್ದೇ ಕೈಬರಹ. ಬಿಳಿ ಪೇಂಟಲ್ಲಿ ತಾರೀಕು. ಹನ್ನೆರಡು ಹನ್ನೊಂದು."

ಎಣ್ಣೆ ಬದಲಾಯಿಸಿದ ಮೇಲೆ ಬೋಲ್ಟಿನ ಪಕ್ಕ ಸಣ್ಣ ಬ್ರಷ್ಷಿನಲ್ಲಿ ತಾರೀಕು ಬರೆಯುವುದು ವಹಾಬನ ಅಭ್ಯಾಸ. ಪುಟ್ಟರಾಜು ಬೆರಳು ಮಡಚಿ ಲೆಕ್ಕ ಹಾಕಿದ. ಅಪ್ಪ ಸತ್ತದ್ದು ನವೆಂಬರ್ ಹದಿನೇಳನೇ ತಾರೀಕು, ಭಾನುವಾರ. ಹನ್ನೆರಡು ಅಂದರೆ ಅದಕ್ಕೆ ಮುಂಚಿನ ಮಂಗಳವಾರ.

ಒವೈಸ್ ಕೆಳಗಿನ ಬೋಲ್ಟು ಬಿಚ್ಚಿದ. ಟ್ರೇಗೆ ಎಣ್ಣೆ ಇಳಿಯಿತು. ಸುಟ್ಟ ಕಪ್ಪು ಅಲ್ಲ, ಮಂಕಾದ ಜೇನಿನ ಬಣ್ಣ. ಕಾಲು ಲೀಟರಿಗೆ ನಿಂತುಹೋಯಿತು.

"ಎಣ್ಣೆ ಚೆನ್ನಾಗೈತೆ, ಆದ್ರೆ ಇಲ್ವೇ ಇಲ್ಲ. ಬಿಸ್ಲಿಗೆ ನಿಂತು ಸೀಲಿನ ರಬ್ಬರು ಬಿರುಸಾಗೈತೆ, ಎಲ್ಲಾ ಸೋರ್ಹೋಗೈತೆ. ಹಲ್ಲು ಉಳ್ಕೊಂಡೈತೆ. ಇನ್ನೊಂದ್ ವಾರ ಓಡ್ಸಿದ್ರೆ ಕತೆ ಮುಗೀತಿತ್ತು. ಅಂಗಳದಲ್ಲಿ ಕಲೆ ಬಿದ್ದಿರ್ಬೇಕಲ್ಲ ಪುಟ್ಟಣ್ಣ, ನೋಡ್ಲಿಲ್ವಾ?"

"ಕಲೆ ಏನೂ..." ಎಂದ ಪುಟ್ಟರಾಜು ಅವ್ವನ ಕಡೆ ತಿರುಗಿದ.

"ನಾನ್ ಉಜ್ಜಾಕ್ತಿದ್ದೆ" ಎಂದಳು ಕುಸುಮ. ಅವಳ ಕಣ್ಣು ಟ್ರೇಯಲ್ಲಿದ್ದ ಎಣ್ಣೆಯ ಮೇಲೇ ಇತ್ತು. "ವಹಾಬಣ್ಣ, ಇದನ್ನ ಯಾರು ಆಕುದ್ರು?"

ವಹಾಬ್ ಬೆಂಚಿನ ಇನ್ನೊಂದು ತುದಿಗೆ ಕೂತ.

"ಅಕ್ಕಾ, ಅವ್ರನ್ನ ನೋಡಕ್ಕೆ ಒಂದ್ ದಿನ ಹಣ್ಣು ತಗೊಂಡು ಬಂದಿದ್ದೆ. ನೀವು ಹಿತ್ಲಲ್ಲಿ ಬಟ್ಟೆ ಒಗೀತಿದ್ರಿ. ಹಿಂದ್ಗಡೆ ಎಣ್ಣೆ ಹಾಕ್ದ್ಯಾ ಅಂತ ಕೇಳಿದ್ರು. ಇಲ್ಲಣ್ಣ, ನಂಗೆ ಯಾರೂ ಫೋನೇ ಮಾಡ್ಲಿಲ್ಲ ಅಂದೆ. ಆಮೇಲೆ ಒಂದೊಂದೇ ಮಾತು ಎಳ್ದು ಎಳ್ದು ಹೇಳಿದ್ರು. 'ಮಗಿನ್ ತಲೆ ಮ್ಯಾಲೆ ಆಣೆ ಆಗೋಗದೆ. ಅದು ಸುಳ್ಳಾಗ್ಕೂಡ್ದು. ಮಂಗ್ಳವಾರ ಅವ್ಳು ಮಾತ್ರೆ ತರಕ್ಕೋಯ್ತಾಳೆ. ಆಗ್ ಬಂದು ಆಕ್ಬುಡು. ಸಾಯಂಕಾಲ ಇನ್ನೊಂದ್ ಸಲ ಆಣೆ ಮಾಡುಸ್ತೀನಿ. ಅದು ದಿಟದ್ದಾಯ್ತದೆ.' ಯಾರಿಗೂ ಹೇಳ್ಬೇಡ ಅಂತ ನನ್ ಕೈ ಹಿಡ್ಕೊಂಡ್ರು."

ಒವೈಸ್ ವ್ಯಾನಿನಡಿಯಿಂದ ಹೊರಗೆ ಬಂದ, ವಹಾಬ್ ಮುಂದುವರಿಸಿದ.

"ಕಿಟ್ಕಿ ಕೆಳಗೇ ವ್ಯಾನಿತ್ತು. ಬೋಲ್ಟು ಬಿಗ್ದು ಸ್ಪ್ಯಾನರಲ್ಲಿ ಎರಡು ಏಟು ಹೊಡ್ದೆ, ಆಯ್ತು ಅಂತ ಅವ್ರಿಗೆ ಗೊತ್ತಾಗ್ಲಿ ಅಂತ. ಒಳಗಿಂದ ಮಂಚಕ್ಕೆ ಉಂಗುರದಲ್ಲಿ ಎರಡು ಏಟು ಬಂತು. ಹಜ್‌ಗೆ ಹೋಗ್ವಾಗ ಇದನ್ನ ಹೊಟ್ಟೇಲಿ ಇಟ್ಕೊಂಡು ಹೋಗ್ಬಾರ್ದು ಅಂತ ನಿಮ್ ಬಾಗ್ಲಿಗೆ ಬಂದಿದ್ದೆ ಅಕ್ಕಾ. ನೀವು ಬಾಗ್ಲು ಹಾಕ್ಬಿಟ್ರಿ."

"ಅವ್ರಿಗ್ ಗೊತ್ತಿತ್ತಾ?" ಎಂದಳು ಕುಸುಮ. "ಆವತ್ತು ನಾನ್ ಕೈ ಇಡೋವಾಗ, ನಾನ್ ಸುಳ್ಳೇಳ್ತಿದ್ದೀನಿ ಅಂತ ಗೊತ್ತಿತ್ತಾ?"

ವಹಾಬ್ ಎಣ್ಣೆಯ ಟ್ರೇಯನ್ನು ಎತ್ತಿ ಪಕ್ಕಕ್ಕಿಟ್ಟ.

ಮಧ್ಯಾಹ್ನದ ತನಕ ಕೆಲಸ ಹಿಡಿಯಿತು. ಹೊಸ ಸೀಲು ಕೂರಿಸಿದರು. ತೊಂಬತ್ತು ನಂಬರಿನ ಎಣ್ಣೆಯನ್ನು ಪಂಪಿನಲ್ಲಿ ಒತ್ತಿ ಒತ್ತಿ, ಮೇಲಿನ ತೂತಿನಿಂದ ಹೊರಗೆ ತುಳುಕುವವರೆಗೂ ತುಂಬಿದರು. ಒವೈಸ್ ಬೋಲ್ಟು ಬಿಗಿದು, ಅಪ್ಪನಿಂದ ಕಲಿತ ಹಾಗೆ, ಸ್ಪ್ಯಾನರಿನಿಂದ ಎರಡು ಏಟು ಹೊಡೆದ. ಬೆಂಚಿನ ಮೇಲೆ ಕೂತಿದ್ದ ಕುಸುಮಳ ಬೆರಳುಗಂಟು ತಾನಾಗಿ ಹಲಗೆಗೆ ಎರಡು ಸಲ ಬಡಿಯಿತು. ಪುಟ್ಟರಾಜು ನೋಡಿ ಮುಖ ಆ ಕಡೆ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ, "ಖರ್ಜೂರ ತಿನ್ನವ್ವ. ನೆನ್ನೆಯಿಂದ ಏನೂ ತಿಂದಿಲ್ಲ ನೀನು" ಎಂದ.

ಸಂಜೆ ಸ್ಕೂಲು ಬಿಟ್ಟಾಗ ವ್ಯಾನು ಗೇಟಿನಲ್ಲಿತ್ತು. ಹನ್ನೊಂದು ಮಕ್ಕಳು ಹತ್ತಿದವು. ಸ್ಪಂದನಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಜ್ಜಿಯ ಮುಖ ನೋಡಿದಳು.

"ಅತ್ತು" ಎಂದಳು ಕುಸುಮ.

ಮಳವಳ್ಳಿ ದಾಟಿದ ಮೇಲೆ ಪುಟ್ಟರಾಜು ನಲವತ್ತಕ್ಕೆ ಹೋದ, ಐವತ್ತಕ್ಕೆ ಹೋದ. ಸದ್ದಿಲ್ಲ. "ಅಜ್ಜಿ, ತಾತ ಸುಮ್ಕಾದ ಕಣಜ್ಜಿ" ಎಂದಳು ಸ್ಪಂದನಾ. ಯಾರೂ ಅವಳನ್ನು ಬೈಯಲಿಲ್ಲ. ಮಕ್ಕಳು ಕಿರುಚಾಡುತ್ತಿದ್ದವು, ನಾಲೆಯ ನೀರು ಪಕ್ಕದಲ್ಲಿ ಓಡುತ್ತಿತ್ತು. ಕುಸುಮ ಹಿಂದಿನ ಸೀಟಿನಲ್ಲಿ ಕಬ್ಬಿಣಕ್ಕೆ ಕಿವಿಗೊಟ್ಟು ಬಗ್ಗಿ ಕೂತಿದ್ದಳು. ಬೆಳಕವಾಡಿ ಬರುವವರೆಗೂ ಹಾಗೇ ಕೂತಿದ್ದಳು. ಒಂದೇ ಒಂದು ಸಲ, ಸಣ್ಣಗಾದರೂ, ಊಂ ಅಂದಿದ್ದರೆ ಸಾಕಾಗಿತ್ತು.